ಹತ್ತು ಹೆಸರಿನ ಪಟ್ಟಿ

ನನ್ನ ಸೋದರತ್ತೆ ಪಾಪಿಲೋವಾ ಆ ಪತ್ರವನ್ನು ಚರ್ಚಿನ ಸಭಾಂಗಣದಲ್ಲಿ ಓದಿದ್ದು ಭಾನುವಾರದ ಊಟ ಮುಗಿಯುತ್ತ ಬಂದಾಗ. ಬೇಕೆಂದೇ ಆ ಹೊತ್ತನ್ನು ಆರಿಸಿಕೊಂಡಿದ್ದರು. ಎಲ್ಲರ ಬಾಯಲ್ಲೂ ತುತ್ತು ಇರುವಾಗ ಎದುರುಮಾತು ಏಳುವುದಿಲ್ಲ ಎಂಬುದು ಅವರಿಗೆ ಗೊತ್ತು.

ಎದ್ದು ನಿಂತರು. ನಾವು ಟೋಂಗಾದವರು ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆಯನ್ನು ಒಮ್ಮೆ ಸರಿಮಾಡಿಕೊಂಡರು.

"ಆಕ್ಲೆಂಡಿನ ದೊಡ್ಡ ಕಲಾ ಗ್ಯಾಲರಿಯವರು ಬರೆದಿದ್ದಾರೆ. ನಾನು ಕೊಟ್ಟ ನಾರುಬಟ್ಟೆನ ಬುಧವಾರದಿಂದ ಗೋಡೆಗೆ ಏರಿಸ್ತಾರಂತೆ. ಶನಿವಾರ ಬೆಳಗ್ಗೆ ಒಂಬತ್ತಕ್ಕೆ, ಜನಕ್ಕೆ ಬಾಗಿಲು ತೆಗೆಯೋ ಮುಂಚೆ, ನಮ್ಮ ಮನೆಯೋರಿಗೇ ಅಂತ ಒಂದು ಗಂಟೆ. ಹತ್ತು ಜನ. ಹತ್ತೇ."

ಆಮೇಲೆ ಹೆಸರು ಓದತೊಡಗಿದರು. ಮೊದಲು ಪಾದ್ರಿಗಳು, ಪಾದ್ರಿಗಳ ಹೆಂಡತಿ. ಆಮೇಲೆ ತಮ್ಮ ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ದೊಡ್ಡ ಮೊಮ್ಮಗಳು. ವ್ಯಾನ್ ಓಡಿಸಬೇಕಾದ್ದರಿಂದ ನನ್ನ ತಮ್ಮ ಸೆಮಿಸಿ.

"ಮೆಲೆಸಿಯು, ನೀನೂ ಬಾ," ಎಂದು ನನ್ನ ಹೊಟ್ಟೆಯ ಕಡೆ ನೋಡಿದರು. "ಒಳಗಿರೋದನ್ನ ಲೆಕ್ಕಕ್ಕೆ ಹಿಡಿಯಲ್ಲ. ಒಂದೇ ಸೀಟು."

ಸಭಾಂಗಣದಲ್ಲಿದ್ದವರೆಲ್ಲ ನಕ್ಕರು. ನಾನು ಆಗ ಆರು ತಿಂಗಳ ಬಸುರಿ. ಅತ್ತೆಯನ್ನೂ ಸೇರಿಸಿ ಹತ್ತು ತುಂಬಿತು. ನಮ್ಮಮ್ಮನ ಹೆಸರು ಬರಲಿಲ್ಲ.

"ಸಿಸಿಲಿಯಾ," ಎಂದರು ಅತ್ತೆ ಪತ್ರ ಮಡಿಸುತ್ತ, ಅಡುಗೆಮನೆಯ ಕಿಟಕಿಯ ಕಡೆಗೆ. "ನಾವು ವಾಪಸ್ ಬರೋದು ಹನ್ನೆರಡಾಗುತ್ತೆ. ಕೆಸುವಿನೆಲೆ ಸುತ್ತಿದ್ದು ಒಂದು ನಲವತ್ತು ಮಾಡಿಡು. ಉಪ್ಪು ಕಮ್ಮಿ ಹಾಕು. ಪಾದ್ರಿಗಳಿಗೆ ಬಿಪಿ."

ಕಿಟಕಿಯ ಆಚೆ ಅಮ್ಮ ದೊಡ್ಡ ತಪ್ಪಲೆ ತಿಕ್ಕುತ್ತಿದ್ದಳು. ತಿಕ್ಕುವುದು ನಿಲ್ಲಲಿಲ್ಲ.

"ಆಗ್ಲಿ ಅತ್ತಿಗೆ," ಎಂದಳು.

ಆ ನಾರುಬಟ್ಟೆ ಮಾಡಿದವಳೇ ಅಮ್ಮ. ಅವಳೊಬ್ಬಳೇ ಅಲ್ಲ, ಐವರು ಹೆಂಗಸರು. ಏಳು ವರ್ಷದ ಹಿಂದೆ, ನನ್ನ ಮದುವೆಗೆಂದು, ಇದೇ ಸಭಾಂಗಣದ ಹಿಂದಿನ ಗ್ಯಾರೇಜಿನಲ್ಲಿ ನಾಲ್ಕು ತಿಂಗಳು ಮಂಡಿಯೂರಿ ಕೂತು ಮಾಡಿದ್ದರು. ಟೋಂಗಾದಿಂದ ಹಡಗಿನಲ್ಲಿ ಬಂದ ಮರದ ತೊಗಟೆ ಸಾಲದಾಯಿತು. ಬಂದದ್ದನ್ನು ಕೊಡತಿಯಲ್ಲಿ ಬಡಿದು ಬಡಿದು ಅಗಲ ಮಾಡಿ ಮೇಲ್ಪದರಕ್ಕೆ ಇಟ್ಟುಕೊಂಡು, ಕೆಳಪದರಕ್ಕೆ ಓಟಾಹುಹು ಪೇಟೆಯ ಬಟ್ಟೆ ಅಂಗಡಿಯಿಂದ ಬಿಳಿ ಅಸ್ತರಿ ತಂದು, ಮರಗೆಣಸಿನ ಗಂಜಿ ಹಚ್ಚಿ ಅಂಟಿಸಿದರು. ಇಪ್ಪತ್ತೆರಡು ಮೀಟರ್ ಉದ್ದ. ಮದುವೆಗೆ ಒಂದು ತಿಂಗಳಿರುವಾಗ ಅಪ್ಪ ತೀರಿಕೊಂಡ. ಮದುವೆಗೆ ತೆಗೆದಿಟ್ಟದ್ದು ಹೆಣದ ಮುಂದೆ ಬಂತು.

ನಮ್ಮಲ್ಲಿ ಸತ್ತವನ ಅಕ್ಕ ಸಾವಿನ ಮನೆಯ ಒಡತಿ. ಫಹು ಎನ್ನುತ್ತೇವೆ. ಬಂದ ಚಾಪೆ, ಬಟ್ಟೆ ಎಲ್ಲ ಅವಳ ಮುಂದೆ ಹರಡಬೇಕು. ಬೇಕಾದ್ದನ್ನು ಅವಳು ಎತ್ತಿಕೊಳ್ಳುತ್ತಾಳೆ, ಕೇಳುವ ಹಾಗಿಲ್ಲ. ಅತ್ತೆ ಆ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ, ಕೆಳಗಿನ ಅಸ್ತರಿಯನ್ನು ಇಡೀ ಬಂಧುಬಳಗಕ್ಕೆ ತೋರಿಸಿ, "ಇದರಲ್ಲಿ ನಾರೆಷ್ಟು, ಅಂಗಡಿ ಎಷ್ಟು? ನನ್ನ ತಮ್ಮನಿಗೆ ಅರ್ಧ ಮರ್ಯಾದೆ ಸಾಕು ಅಂದ್ಕೊಂಡ್ಯಾ ಸಿಸಿಲಿಯಾ?" ಎಂದಿದ್ದರು. ಅಂದದ್ದೂ ಅಲ್ಲದೆ ಮಡಿಸಿ ಎತ್ತಿಕೊಂಡೂ ಹೋದರು. ಬರಿಗೈಯಲ್ಲಿ ನನ್ನ ಮದುವೆಯಾಯಿತು. ಆಮೇಲೆ ಆ ಬಟ್ಟೆಯನ್ನು ಗ್ಯಾಲರಿಗೆ ಕೊಟ್ಟರೆಂದು ಯಾರೋ ಹೇಳಿದರು. ಅಮ್ಮನಿಗೆ ಒಂದು ಮಾತು ತಿಳಿಸಿರಲಿಲ್ಲ. ಈಗ ಗ್ಯಾಲರಿಯವರು ಅದನ್ನು ಗೋಡೆಗೆ ಏರಿಸುತ್ತಿರುವುದು ಅಂಗಡಿಯ ಅಸ್ತರಿ ಇದೆ ಎಂಬ ಕಾರಣಕ್ಕೇ ಅಂತೆ. ಈ ಊರಿಗೆ ಬಂದ ಹೆಂಗಸರು ಈ ಊರಲ್ಲಿ ಸಿಕ್ಕಿದ್ದರಲ್ಲೇ ಮಾಡಿದ ಬಟ್ಟೆ ಎಂದು ಪತ್ರದಲ್ಲಿ ಬರೆದಿತ್ತು. ಅತ್ತೆ ಆ ಸಾಲನ್ನು ಓದಲಿಲ್ಲ. ಸೆಮಿಸಿ ಆಮೇಲೆ ನನಗೆ ಹೇಳಿದ.

ಮನೆಗೆ ಬಂದು ಅಮ್ಮ ಕುರ್ಚಿಯಲ್ಲಿ ಕೂತು ಕಾಲುಚೀಲ ಬಿಚ್ಚಿದಳು.

"ಆ ಗ್ಯಾಲರಿ ಯಾರದು?"

"ಊರಿನದು. ಸಾರ್ವಜನಿಕರದು."

"ಟಿಕೆಟ್ ಎಷ್ಟು?"

"ಊರಿನೋರಿಗೆ ಬಿಟ್ಟಿ."

"ಬಿಟ್ಟಿ ಹೋಗೋ ಜಾಗಕ್ಕೆ ಇವಳ ಪಟ್ಟಿ ಯಾಕೆ ಬೇಕು?" ಅತ್ತೆಯ ಎದುರು ಬಹುವಚನ ತಪ್ಪದ ಅಮ್ಮ ಮನೆಯೊಳಗೆ ಏಕವಚನಕ್ಕೆ ಇಳಿದಿದ್ದಳು. "ಗುರುವಾರ ಹೋಗೋಣ."

"ಮುಂದಿನ ಭಾನುವಾರ ಹೋಗೋಣಮ್ಮ. ಅವರದು ಮುಗೀಲಿ."

"ಅವಳು ನೋಡಿಬಿಟ್ಟ ಎಂಜಲು ನನಗ್ಯಾಕೆ?"

ಅಮ್ಮನಿಗೆ ಅರವತ್ತೆಂಟು. ಬಲಮಂಡಿ ಮಡಚುವುದಿಲ್ಲ. ನಲವತ್ತು ವರ್ಷದಿಂದ ಈ ನಗರದಲ್ಲಿದ್ದಾಳೆ, ಅದರಲ್ಲಿ ಮೂವತ್ತು ವರ್ಷ ಅದೇ ಪೇಟೆಯ ಆಫೀಸುಗಳ ನೆಲ ಒರೆಸಿದ್ದಾಳೆ, ಗ್ಯಾಲರಿಯ ಮೆಟ್ಟಿಲು ಒಂದು ದಿನ ಹತ್ತಿದವಳಲ್ಲ. ಆದರೂ ಆ ಸಂಜೆ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತ ಕೂತಳು. ಓಟಾಹುಹು ಸ್ಟೇಷನ್ನಿನಿಂದ ಒಂಬತ್ತೂಕಾಲಿನ ರೈಲು. ಕೊನೆಯ ನಿಲ್ದಾಣದಲ್ಲಿ ಇಳಿದು ಕ್ವೀನ್ ಸ್ಟ್ರೀಟಿನಲ್ಲಿ ಮೇಲಕ್ಕೆ. ಕುಡಿಯುವ ನೀರು. ಸೊಂಟದ ಚಾಪೆ ಕೈಯಲ್ಲಿ ಒಯ್ದು ಅಲ್ಲೇ ಕಟ್ಟಿಕೊಳ್ಳುವುದು, ರೈಲಿನಲ್ಲಿ ಕೂತರೆ ಮುರಿಯುತ್ತದೆ. ಕೊನೆಗೆ ಇನ್ನೊಂದು ಸಾಲು ಬರೆದಳು: ತೋಕಿ ಅಕ್ಕ.

ತೋಕಿಲೂಪೆ ಅಜ್ಜಿ ಆ ಐವರಲ್ಲಿ ಹಿರಿಯಳು. ಚಿತ್ರ ಬಿಡಿಸಿದ್ದೆಲ್ಲ ಅವಳೇ. ಉಳಿದ ಮೂವರು ಈಗಿಲ್ಲ. ಅಜ್ಜಿ ವೃದ್ಧಾಶ್ರಮದಲ್ಲಿದ್ದಾಳೆ, ಸಕ್ಕರೆ ಕಾಯಿಲೆಗೆ ಕಣ್ಣು ಹೋಗಿದೆ.

"ಅಜ್ಜಿಗೆ ಕಾಣಲ್ಲಮ್ಮ."

"ನನಗೆ ಕಾಣುತ್ತಲ್ಲ. ನಾನು ಹೇಳ್ತೀನಿ."

ಸೋಮವಾರ ನಾನು ಗ್ಯಾಲರಿಗೆ ಫೋನ್ ಮಾಡಿದೆ. ಗಾಲಿಕುರ್ಚಿ ಒಳಗೆ ಬರುತ್ತದೆಯೇ, ಲಿಫ್ಟ್ ಎಲ್ಲಿದೆ ಎಂದು ಕೇಳುವುದಷ್ಟೇ ಇದ್ದದ್ದು. ಫೋನ್ ಎತ್ತಿದ ಹೆಂಗಸಿನ ಹೆಸರು ಮೋಕಾ, ನಿಯುವೆ ದ್ವೀಪದವಳು. ಯಾವ ಪ್ರದರ್ಶನಕ್ಕೆ ಬರುತ್ತಿದ್ದೀರಿ ಎಂದಳು. ಹೇಳಿದೆ. ಅವಳ ದನಿ ಬದಲಾಯಿತು.

"ನೀವು ಆ ಚರ್ಚಿನೋರಾ? ಅದನ್ನ ಮಾಡಿದೋರು ಯಾರು ಅಂತ ನಿಮಗೇನಾದ್ರೂ ಗೊತ್ತಾ? ನಮ್ಮ ಫಲಕದಲ್ಲಿ 'ತಿಳಿದಿಲ್ಲ' ಅಂತಿದೆ. ಕೊಟ್ಟೋರನ್ನ ಕೇಳಿದ್ವಿ, 'ಚರ್ಚಿನ ಹೆಂಗಸರು' ಅಂದು ಸುಮ್ಮನಾದ್ರು."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಕೆಸುವಿನ ಗೆಡ್ಡೆ ಹೆರೆಯುತ್ತಿದ್ದಳು. ಅವಳ ಗೆಣ್ಣುಗಳನ್ನು ನೋಡಿದೆ. ಕೊಡತಿ ಬಡಿದು ಬಡಿದು ಎರಡು ಗೆಣ್ಣು ಈಗಲೂ ಊದಿಕೊಂಡೇ ಇವೆ. ಐದು ಹೆಸರು ಹೇಳಲು ಹತ್ತು ಸೆಕೆಂಡು ಸಾಕಿತ್ತು. ಆದರೆ ಅತ್ತೆ ಮುಚ್ಚಿಟ್ಟದ್ದನ್ನು ನಾನು ಬಿಚ್ಚುವುದೇ?

"ಮಾಡಿದೋರಲ್ಲಿ ಇಬ್ಬರು ಗುರುವಾರ ಬರ್ತಾರೆ. ಅವರನ್ನೇ ಕೇಳಿ," ಎಂದು ಫೋನ್ ಇಟ್ಟೆ.

ಅಜ್ಜಿಯನ್ನು ಸ್ಟೇಷನ್ನಿಗೆ ಬಿಟ್ಟುಕೊಡು ಎಂದು ಸೆಮಿಸಿಯನ್ನು ಕೇಳಿದ್ದು ನನ್ನ ತಪ್ಪು. ಸೆಮಿಸಿ ಕೆಟ್ಟವನಲ್ಲ, ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಷ್ಟೇ. ಮಂಗಳವಾರ ಮಧ್ಯಾಹ್ನ ಚರ್ಚಿನ ಬಿಳಿ ವ್ಯಾನ್ ನಮ್ಮ ಗೇಟಿನ ಮುಂದೆ ಬಂದು ನಿಂತಿತು. ಅತ್ತೆ ಇಳಿಯಲಿಲ್ಲ. ಸೆಮಿಸಿಯ ಕೈಯಿಂದ ಎರಡು ಸಲ ಹಾರ್ನ್ ಹೊಡೆಸಿದರು. ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಹೋದಳು. ಹಿಂದೆ ನಾನು.

ಅತ್ತೆ ಗಾಜು ಇಳಿಸಿದರು, ಪೂರ್ತಿಯಲ್ಲ.

"ಗುರುವಾರ ಎಲ್ಲಿಗೋ ಹೊರಟಿದ್ದೀಯಂತೆ."

"ಪೇಟೆಗೆ, ಅತ್ತಿಗೆ."

"ಪೇಟೇಲಿ ಎಲ್ಲಿಗೆ?"

"ಗೋಡೆ ನೋಡೋಕೆ."

"ಶನಿವಾರ ಪಾದ್ರಿಗಳನ್ನ ಕರ್ಕೊಂಡು ನಾನು ಹೋಗೋ ಮುಂಚೆ ನೀನು ಹೋಗಿ ನಿಂತ್ರೆ, ನೋಡಿದೋರು ಏನಂತಾರೆ? ಫಹುಗೆ ಎಂಜಲು ಬಡಿಸಿದ್ರು ಅನ್ನಲ್ವಾ?"

ಭಾನುವಾರ ಅಮ್ಮ ಆಡಿದ್ದೂ ಅದೇ ಎಂಜಲಿನ ಮಾತು. ಇಬ್ಬರೂ ಒಂದೇ ಮಾತಲ್ಲಿ ಬೈದಾಡುವಷ್ಟು ಹಳೆಯ ಹಗೆ ಅದು.

"ನಾನು ಅದನ್ನ ನಾಲ್ಕು ತಿಂಗಳು ನೋಡಿದ್ದೀನಿ, ಮಂಡಿ ಊರಿ," ಎಂದಳು ಅಮ್ಮ. "ನೀವು ನೋಡಿದ್ದು ಮಡಿಸಿ ಎತ್ಕೊಂಡು ಹೋದ ದಿನ. ಯಾರದು ಯಾರಿಗೆ ಎಂಜಲು ಅತ್ತಿಗೆ?"

ಫಹುವಿನ ಮುಖ ನೋಡಿ ಹಾಗೆ ಮಾತಾಡಿದವರನ್ನು ನಾನು ಕಂಡಿರಲಿಲ್ಲ. ಸೆಮಿಸಿ ಸ್ಟೇರಿಂಗಿಗೆ ಹಣೆ ಆನಿಸಿದ. ಅತ್ತೆ ಕೂಗಾಡಲಿಲ್ಲ. ಗಾಜನ್ನು ಪೂರ್ತಿ ಇಳಿಸಿದರು.

"ಕೈ ನಿಂದಿರಬಹುದು ಸಿಸಿಲಿಯಾ. ಬಂದಿದ್ದು ನನ್ನ ತಮ್ಮನ ಮನೆಯಿಂದ. ನನ್ನ ತಮ್ಮನ ಮನೇಲಿ ನಂದಲ್ಲದ್ದು ಏನಿದೆ? ಆ ತಪ್ಪಲೆ ನಂದು. ಈ ಗೇಟು ನಂದು. ನೀನೂ ನಂದೇ." ಆಮೇಲೆ ಅವರ ಕಣ್ಣು ನನ್ನ ಹೊಟ್ಟೆಗೆ ಬಂತು. "ಮೆಲೆಸಿಯು, ಏಳು ವರ್ಷ ಕಾದ್ಯಲ್ಲ? ಇನ್ನು ಮೂರು ತಿಂಗಳು. ಅಪ್ಪನ ಅಕ್ಕನ ಮನಸ್ಸು ನೋಯಿಸಿದ ಬಸುರಿ ಗತಿ ಏನಾಗುತ್ತೆ ಅಂತ ನಿಮ್ಮಮ್ಮ ಹೇಳಿಕೊಟ್ಟಿಲ್ವಾ?"

ಅಮ್ಮ ವ್ಯಾನಿನ ಬಾಗಿಲು ಹಿಡಿದುಕೊಂಡಳು.

"ಮಗು ಮೇಲೆ ಹಾಕ್ಬೇಡಿ ಅತ್ತಿಗೆ."

"ನಾನೇನು ಹಾಕ್ದೆ? ಇರೋದನ್ನ ಹೇಳ್ದೆ." ಗಾಜು ಮೇಲೇರಿತು. ವ್ಯಾನ್ ಹೊರಟಿತು.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನಕ್ಕೆ ಇನ್ನೂರು ರಕ್ತದ ನಳಿಗೆಗಳಿಗೆ ಚೀಟಿ ಅಂಟಿಸುತ್ತೇನೆ. ಯಾರ ಶಾಪವೂ ಯಾವ ನಳಿಗೆಯಲ್ಲೂ ಕಂಡದ್ದಿಲ್ಲ. ಆದರೂ ಎರಡು ಕೈಯಲ್ಲೂ ಹೊಟ್ಟೆ ಮುಚ್ಚಿಕೊಂಡೆ. ಆ ಏಳು ವರ್ಷ ಚರ್ಚಿನ ಹೆಂಗಸರು ಬೆನ್ನ ಹಿಂದೆ ಆಡಿದ ಮಾತು ನನಗೆ ಗೊತ್ತಿಲ್ಲದ್ದೇನಲ್ಲ: ಅತ್ತೆ ಮನಸ್ಸು ಕಲ್ಲು ಮಾಡಿಕೊಂಡಿದ್ದಾಳೆ, ಅದಕ್ಕೇ ಈ ಹುಡುಗಿಯ ಮಡಿಲು ತುಂಬಿಲ್ಲ. ಮಗು ಏನೋ ನೆಟ್ಟಗೇ ಹುಟ್ಟಿತು, ಮೂರೂವರೆ ಕೆಜಿ. ಆದರೆ ಆ ಮಂಗಳವಾರ ಅದು ನನಗೆ ಗೊತ್ತಿರಲಿಲ್ಲ.

ಅಮ್ಮ ಒಳಗೆ ಬಂದು ಕ್ಯಾಲೆಂಡರಿನ ಹಿಂದಿನ ಬರಹವನ್ನು ರಬ್ಬರಿನಿಂದ ಉಜ್ಜತೊಡಗಿದಳು.

"ಬೇಡ ಬಿಡು. ಬಟ್ಟೆ ತಾನೆ."

ವಿಚಿತ್ರವೆಂದರೆ, ಅಲ್ಲಿಯವರೆಗೆ ಈ ಹೋಗುವ ಮಾತು ನಿಂತರೆ ಸಾಕೆಂದುಕೊಂಡಿದ್ದವಳು ನಾನು. ಆ ಉಜ್ಜುವ ಸದ್ದು ಕೇಳಿ ನನಗೆ ಮೈ ಉರಿಯಿತು.

"ಉಜ್ಜಬೇಡ. ಹೋಗೋದೇ."

"ನಿನಗೇನಾದ್ರೂ ಆದ್ರೆ?"

"ಆದ್ರೆ ಆಸ್ಪತ್ರೆ ಇದೆ. ನೀನು ಇವತ್ತು ಹೆದರಿದ್ರೆ ನಾಳೆ ಮಗುಗೆ ಹೆಸರಿಡೋದೂ ಅವರೇ, ಎತ್ಕೊಂಡು ಹೋಗೋದೂ ಅವರೇ. ಮಗೂನ ಚಿವುಟೋದೂ ಅವರೇ, ತೊಟ್ಟಿಲು ತೂಗೋದೂ ಅವರೇ. ಸಾಕಾಗಿಲ್ವಾ ನಿನಗೆ?"

"ಬಾಯಿ ಮುಚ್ಚು. ನಿನ್ನ ಅತ್ತೆ ಅವರು."

"ಈಗ ಬಂತಾ ಬಹುವಚನ?"

ಅಮ್ಮ ರಬ್ಬರನ್ನು ನನ್ನತ್ತ ಎಸೆದಳು. ನನ್ನ ಭುಜಕ್ಕೆ ತಾಗಿ ಬಿತ್ತು. ಬುಧವಾರ ಬೆಳಗ್ಗೆ ಎದ್ದಾಗ ಅವಳ ಕಪ್ಪು ಉಡುಪು ಇಸ್ತ್ರಿಯಾಗಿ ಬಾಗಿಲಿಗೆ ನೇತುಬಿದ್ದಿತ್ತು.

ಗುರುವಾರ ಸೆಮಿಸಿ ಬರಲಿಲ್ಲ. ಟ್ಯಾಕ್ಸಿಯಲ್ಲಿ ಅಜ್ಜಿಯನ್ನು ಕರೆತಂದೆವು. ಆಶ್ರಮದವರು ಮಡಚುವ ಗಾಲಿಕುರ್ಚಿ ಕೊಟ್ಟಿದ್ದರು.

"ಎಲ್ಲಿಗೆ ಒಯ್ತಿದ್ದೀರೇ ನನ್ನ? ಇನ್ನೊಂದು ಆಸ್ಪತ್ರೆಗಾ?" ಎಂದಳು ಅಜ್ಜಿ ರೈಲಿನಲ್ಲಿ.

"ನಿನ್ನ ಚಿತ್ರದ ಹತ್ರ, ತೋಕಿ ಅಕ್ಕ. ಮೂರು ಸಲ ಹೇಳ್ದೆ."

"ನಾಲ್ಕನೇ ಸಲ ಹೇಳು. ಕೇಳೋಕೆ ಚೆನ್ನಾಗಿದೆ."

ಕ್ವೀನ್ ಸ್ಟ್ರೀಟಿನ ಏರಿನಲ್ಲಿ ಕುರ್ಚಿ ತಳ್ಳುವಷ್ಟರಲ್ಲಿ ನನಗೆ ಏದುಸಿರು. "ಬಸುರಿ ನೀನು, ಬಿಡು," ಎಂದು ಅಮ್ಮ ನನ್ನ ಕೈ ತಳ್ಳಿ ತಾನು ಹಿಡಿದಳು. ಕುಂಟುತ್ತ ತಳ್ಳಿದಳು. ಗ್ಯಾಲರಿಯ ಬಾಗಿಲಲ್ಲಿ ಮೋಕಾ ಕಾಯುತ್ತಿದ್ದಳು. ನಲವತ್ತರ ಹೆಂಗಸು, ಕೊರಳಲ್ಲಿ ಬಿಳಿ ಕವಡೆಸರ. ಅಮ್ಮ ಅಲ್ಲೇ ಗೋಡೆಯ ಪಕ್ಕ ನಿಂತು ಸೊಂಟಕ್ಕೆ ಚಾಪೆ ಕಟ್ಟಿಕೊಂಡಳು, ಅಜ್ಜಿಗೂ ಕಟ್ಟಿದಳು. ಲಿಫ್ಟಿನಲ್ಲಿ ಮೇಲಕ್ಕೆ ಹೋದೆವು.

ಉದ್ದನೆಯ ಕೋಣೆ. ಎದುರಿನ ಗೋಡೆ ಪೂರ್ತಿ ನಾರುಬಟ್ಟೆ. ಗೋಡೆ ಸಾಲದೆ ಮೂಲೆ ತಿರುಗಿ ಪಕ್ಕದ ಗೋಡೆಗೂ ಹರಿದಿತ್ತು. ಅದರ ಮುಂದಿನ ಬೆಂಚಿನ ಮೇಲೆ, ನಮಗೆ ಬೆನ್ನು ಹಾಕಿ, ಕಪ್ಪುಡುಪಿನ ದಪ್ಪ ಹೆಂಗಸೊಬ್ಬರು ಒಬ್ಬರೇ ಕೂತಿದ್ದರು. ತೊಡೆಯ ಮೇಲೊಂದು ನೋಟುಪುಸ್ತಕ.

ಅಮ್ಮ ನಿಂತುಬಿಟ್ಟಳು.

"ಯಾಕೆ ನಿಂತೆ?" ಎಂದ ಅಜ್ಜಿ ಮೂಗು ಮೇಲೆತ್ತಿದಳು. "ಪಾಪಿಲೋವಾ ಇದ್ದಾಳಾ ಇಲ್ಲಿ? ಅವಳ ತಲೆಯೆಣ್ಣೆ ವಾಸನೆ ಬಾಗಿಲಿಂದಲೇ ಬಂತು."

ಅತ್ತೆ ತಿರುಗಿ ನೋಡಿದರು. ಒಂದು ಕ್ಷಣ, ಕದ್ದು ತಿನ್ನುವಾಗ ಸಿಕ್ಕಿಬಿದ್ದವರ ಮುಖ. ಮರುಕ್ಷಣ ಎಂದಿನ ಮುಖ.

"ಶನಿವಾರ ಪಾದ್ರಿಗಳನ್ನ ಎಲ್ಲಿ ನಿಲ್ಲಿಸಬೇಕು, ಶೌಚಾಲಯ ಎಲ್ಲಿದೆ ನೋಡ್ಕೊಂಡು ಹೋಗೋಣ ಅಂತ ಬಂದೆ. ಹತ್ತು ಜನರನ್ನ ಕರ್ಕೊಂಡು ಬಂದು ಇಲ್ಲಿ ತಡಕಾಡೋಕಾಗುತ್ತಾ?"

ನೋಟುಪುಸ್ತಕದಲ್ಲಿ ಲಿಫ್ಟು, ಮೆಟ್ಟಿಲುಗಳನ್ನೆಲ್ಲ ಗೀಚಿಕೊಂಡಿದ್ದರು. ಬೆಳಗ್ಗೆಯೇ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಈ ಊರಿನ ದೊಡ್ಡ ಕಟ್ಟಡಗಳೆಂದರೆ ಅವರಿಗೂ ಅಮ್ಮನಷ್ಟೇ ಅಳುಕು ಎಂದು ನನಗೆ ಆಗ ಹೊಳೆಯಿತು. ಕನಿಕರವೇನೂ ಬರಲಿಲ್ಲ.

"ಒಳ್ಳೇದಾಯ್ತು," ಎಂದಳು ಅಮ್ಮ. "ಮೊದಲು ನೋಡಿದ್ದು ನೀವೇ. ಇನ್ನು ನನ್ನ ಸೊಸೆ ಮೊಮ್ಮಗೂಗೆ ಏನೂ ತಗಲಲ್ಲ ತಾನೆ?" ಸಿಟ್ಟಿನಲ್ಲಿ ಮಗಳು ಎನ್ನುವ ಬದಲು ಸೊಸೆ ಎಂದಿದ್ದಳು.

"ಮಗಳನ್ನ ಸೊಸೆ ಅಂತಿದ್ದೀಯ. ಮೊದಲು ತಲೆ ನೆಟ್ಟಗೆ ಮಾಡ್ಕೊ."

ಅಮ್ಮ ಕುರ್ಚಿಯನ್ನು ಬಟ್ಟೆಯ ಎಡತುದಿಗೆ ತಳ್ಳಿದಳು. ಅತ್ತೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳತೊಡಗಿದಳು.

"ಎಡಗಡೆ ಮೂಲೆ ಅಕ್ಕ. ನಿನ್ನ ಪಾರಿವಾಳ ಇದೆ. ಕಂದು ಚೂರೂ ಮಾಸಿಲ್ಲ. ಎರಡನೇ ಸಾಲು ತೆಂಗಿನ ಗರಿ. ಮೂರನೇದರಲ್ಲಿ ವಿಮಾನ."

"ಎಷ್ಟು ವಿಮಾನ?"

"ಆರು."

"ಏಳು ಬಿಡಿಸಿದ್ದೆ." ನಮ್ಮ ಮಾಂಗೆರೆಯ ಮನೆಗಳ ಮೇಲೆ ಗಂಟೆಗೆ ಹತ್ತು ವಿಮಾನ ಹಾರುತ್ತವೆ. ಅಜ್ಜಿ ಅವನ್ನೇ ಬಿಡಿಸಿದ್ದಳು.

"ಏಳನೇದು ಮೂಲೆ ತಿರುಗಿದೆ. ರೆಕ್ಕೆ ಒಂದು ಗಿಡ್ಡ."

"ಅದು ಲವಿನಿಯಾ ತುಂಬಿದ್ದು. ಬಣ್ಣ ಹಾಕು ಅಂದ್ರೆ ಹರಟೆ ಹೊಡೀತಿದ್ಲು, ಸತ್ತವಳು. ನಂದಲ್ಲ ಅದು."

ಅಮ್ಮ ಮುಂದೆ ಸರಿಯುತ್ತ ಫಲಕದ ಹತ್ತಿರ ಬಂದಳು. ಅವಳ ಇಂಗ್ಲಿಷು ನಿಧಾನ. ತುಟಿ ಅಲುಗಿಸುತ್ತ ಓದಿದಳು. ತಯಾರಿಸಿದವರು ತಿಳಿದಿಲ್ಲ. ಅದರ ಕೆಳಗೆ: ಪಾಪಿಲೋವಾ ಅವರ ಕೊಡುಗೆ, ತಮ್ಮ ಫೆಲೆತಿಯ ನೆನಪಿಗೆ.

ಫೆಲೆತಿ ನಮ್ಮಪ್ಪ. ಅಮ್ಮ ಆ ಸಾಲನ್ನು ಮತ್ತೆ ಓದಿದಳು.

"ಅವನ ಹೆಸರು ಹಾಕಿಸಿದ್ದೀರಾ," ಎಂದಳು ತಿರುಗದೆಯೇ.

"ಮತ್ಯಾರದು ಹಾಕಿಸಲಿ? ನಿಂದಾ?"

"ಒಂದು ಮಾತು ಹೇಳಬಹುದಿತ್ತು."

"ನನ್ನ ತಮ್ಮನ್ನ ನೆನೆಯೋಕೆ ನಿನ್ನ ಅಪ್ಪಣೆ ಬೇಕಾ?"

"ಏಳು ವರ್ಷ ಅತ್ತಿಗೆ! ಏಳು ವರ್ಷ, ನೀವು ಬೇಡದ ಹಳೇ ಬಟ್ಟೆ ಬಿಸಾಕಿದ ಹಾಗೆ ಬಿಸಾಕಿದ್ರಿ ಅಂದ್ಕೊಂಡಿದ್ದೆ!"

"ಅಂದ್ಕೊಂಡ್ರೆ ಅಂದ್ಕೊ! ನಿನಗೆ ಸಮಾಧಾನ ಹೇಳ್ತಾ ಕೂರೋದು ನನ್ನ ಕೆಲಸಾನಾ? ಅವನಿಗೆ ಏಳು ವರ್ಷ ಇದ್ದಾಗ ನಮ್ಮಮ್ಮ ಸತ್ತಳು. ಬೆನ್ನ ಮೇಲೆ ಹೊತ್ತು ಸಾಕಿದೋಳು ನಾನು. ನಿನ್ನ ಕೈಗೆ ಸಿಕ್ಕಿದ್ದು ಸಾಕಿ ಬೆಳೆಸಿದ ಗಂಡಸು."

"ಸಾಯೋವಾಗ ಅವನ ಹೇಲು ಉಚ್ಚೆ ಬಳಿದೋಳು ನಾನು!"

ಕಾವಲಿನವನು ಬಂದು ದನಿ ತಗ್ಗಿಸಿ ಎಂದ. ಪಕ್ಕದ ಕೋಣೆಯಿಂದ ಶಾಲೆಯ ಮಕ್ಕಳು ಇಣುಕುತ್ತಿದ್ದರು. ಅತ್ತೆ ಕಾವಲಿನವನನ್ನು ನೋಡಿದ ನೋಟಕ್ಕೆ ಅವನೇ ಎರಡು ಹೆಜ್ಜೆ ಹಿಂದೆ ಸರಿದ.

ಅಷ್ಟರಲ್ಲಿ ಮೋಕಾ ಕಾಗದ, ಪೆನ್ನು ಹಿಡಿದು ಬಂದಳು. ನಮ್ಮ ಭಾಷೆ ಅವಳಿಗೆ ಬರುವುದಿಲ್ಲ, ಆದರೆ ಅತ್ತಿಗೆ ನಾದಿನಿಯರ ಜಗಳ ಯಾವ ದ್ವೀಪದವರಿಗೂ ಅರ್ಥವಾಗುತ್ತದೆ. ಮಾಡಿದವರ ಹೆಸರು ಹೇಳುತ್ತೀರಾ ಎಂದು ಅಮ್ಮನನ್ನು ಕೇಳಿದಳು. ಅಮ್ಮ ಬೆರಳು ಮಡಚುತ್ತ ಹೇಳಿದಳು: ತೋಕಿಲೂಪೆ, ಲವಿನಿಯಾ, ಸೇಸಿಕಾ, ಕಲೋಲೈನೆ. ಒಂದು ಉಸಿರು ಬಿಟ್ಟು, ಸಿಸಿಲಿಯಾ.

ಮೋಕಾ ಬರೆದುಕೊಂಡು ಅತ್ತೆಯ ಕಡೆ ತಿರುಗಿದಳು. "ಕೊಟ್ಟವರು ನೀವು. ಫಲಕ ಬದಲಾಯಿಸಬೇಕಾದ್ರೆ ನಿಮ್ಮ ಸಹಿ ಬೇಕು. ಇದು ಸರಿ ತಾನೆ?"

ಕೋಣೆಯಲ್ಲಿ ಎಲ್ಲರ ಕಣ್ಣೂ ಅತ್ತೆಯ ಮೇಲೆ. ಅಜ್ಜಿಯೂ ಆ ಕಡೆ ಕಿವಿ ತಿರುಗಿಸಿದಳು. ಅತ್ತೆ ಕಾಗದವನ್ನು ದೂರ ಹಿಡಿದು ಓದಿದರು.

"ತಪ್ಪು," ಎಂದರು.

ಅಮ್ಮನ ಕೈ ಕುರ್ಚಿಯ ಹಿಡಿಯನ್ನು ಬಿಗಿಯಿತು.

"ಬರೀ 'ಸಿಸಿಲಿಯಾ' ಅಂತ ಬರೀಬೇಡಿ. 'ಫೆಲೆತಿಯ ಹೆಂಡತಿ ಸಿಸಿಲಿಯಾ' ಅಂತ ಬರೀರಿ. ಬಟ್ಟೆ ಯಾವ ಮನೇದು ಅಂತ ಜನಕ್ಕೆ ಗೊತ್ತಾಗ್ಬೇಕು."

ನಾನು ಇಂಗ್ಲಿಷಿಗೆ ತಿರುಗಿಸಿ ಹೇಳುವಷ್ಟರಲ್ಲಿ ಅಮ್ಮನೇ ಮೋಕಾಳಿಗೆ ನೇರವಾಗಿ, ತನ್ನ ಮುರುಕು ಇಂಗ್ಲಿಷಿನಲ್ಲಿ, "ನೋ" ಎಂದಳು. ಆಮೇಲೆ ಅತ್ತೆಯ ಕಡೆ ತಿರುಗಿ ನಮ್ಮ ಮಾತಿನಲ್ಲಿ:

"ನಾನು ಗಂಡನ ಹೆಸರಲ್ಲಿ ಬಡಿಯಲಿಲ್ಲ. ಕೈಯಲ್ಲಿ ಬಡಿದೆ."

"ಹೆಸರಿಗೆ ಇಷ್ಟು ಆಸೆನಾ ನಿನಗೆ?"

"ಹೌದು," ಎಂದಳು ಅಮ್ಮ. "ಇದೆ."

ಅತ್ತೆಗೆ ಅದು ಹೊಸದು. ಅಮ್ಮ ಇಲ್ಲ ಎನ್ನುತ್ತಾಳೆ, ತಲೆ ತಗ್ಗಿಸುತ್ತಾಳೆ, ಆಗ ಇನ್ನೆರಡು ಮಾತು ಅನ್ನಬಹುದು ಎಂದಿದ್ದರು.

"ನನ್ನ ಹೆಸರು ಮೊದಲು ಇದೆಯಾ?" ಎಂದಳು ಅಜ್ಜಿ.

"ಇದೆ ಅಕ್ಕ."

"ಹಾಗಾದ್ರೆ ಸಹಿ ಹಾಕೇ ಪಾಪಿಲೋವಾ. ನನಗೆ ಎಂಬತ್ತಾರು. ನೀವಿಬ್ಬರೂ ಕೆಳಗಿನ ಸಾಲಿಗೆ ಆಮೇಲೆ ಹೊಡೆದಾಡ್ಕೊಳ್ಳಿ. ನಿನ್ನ ತಮ್ಮ ನಮಗೆ ಗಂಜಿ ಕುದಿಸಿಕೊಡ್ತಿದ್ದ, ಗೊತ್ತಾ ನಿನಗೆ? ಗ್ಯಾರೇಜಿಗೆ ದಿನಾ ಬರ್ತಿದ್ದ. ಒಂದು ದಿನ ತಳ ಹತ್ತಿಸಿ ನಮ್ಮ ಕೈಲೆಲ್ಲ ಬೈಸ್ಕೊಂಡ."

ಅತ್ತೆ ಬಟ್ಟೆಯ ಕಡೆಗೆ ತಿರುಗಿ ಕೂತರು. ಅಪ್ಪ ಗಂಜಿ ಕುದಿಸಿಕೊಟ್ಟದ್ದು ಅವರಿಗೆ ಗೊತ್ತಿರಲಿಲ್ಲ. ಕಣ್ಣು ಒರೆಸಿಕೊಂಡರೋ ಬೆವರೋ ನನಗೆ ತಿಳಿಯಲಿಲ್ಲ, ನಾನು ಹತ್ತಿರ ಹೋಗಲೂ ಇಲ್ಲ. ಆಮೇಲೆ ಮೋಕಾಳ ಕೈಯಿಂದ ಪೆನ್ನು ಕಿತ್ತುಕೊಂಡು, ಕಾಗದ ಹರಿಯುವ ಹಾಗೆ ಒತ್ತಿ ಸಹಿ ಮಾಡಿದರು. ಐದು ಹೆಸರು ಇದ್ದ ಹಾಗೇ ಇದ್ದವು.

ಏಳುತ್ತ ಅಮ್ಮನಿಗೆ ಹೇಳಿದರು, "ಬರೆಸ್ಕೊಂಡ್ಯಲ್ಲ, ಸಂತೋಷ. ಶನಿವಾರ ಇಲ್ಲಿ ನಿನ್ನ ಮುಖ ಕಾಣಬಾರದು."

"ಕಾಣಲ್ಲ. ಶನಿವಾರದ ಅಡುಗೆಗೂ ಬೇರೆ ಯಾರಿಗಾದ್ರೂ ಹೇಳಿ ಅತ್ತಿಗೆ."

ಅತ್ತೆ ಹೊರಟುಹೋದರು. ಲಿಫ್ಟು ಎಲ್ಲಿದೆಯೆಂದು ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದರೂ ಮೆಟ್ಟಿಲ ಕಡೆಗೆ ಹೋದರು.

ಶನಿವಾರ ನಾನು ಹೋದೆ. ಹೋಗಬಾರದೆಂದಿದ್ದೆ, ಅಮ್ಮನೇ ಕಳಿಸಿದಳು. "ಹೋಗಿ ಫಲಕ ನೋಡ್ಕೊಂಡು ಬಾ, ಮೋಸ ಮಾಡಿರ್ತಾಳೆ," ಎಂದಳು. ಹೊಸ ಫಲಕ ಬಂದಿತ್ತು. ಅತ್ತೆ ಪಾದ್ರಿಗಳನ್ನು ಬೆಂಚಿನ ಬಲಕ್ಕೆ ನಿಲ್ಲಿಸಿ, ಉಳಿದವರನ್ನು ಎತ್ತರದ ಪ್ರಕಾರ ಸಾಲುಹಿಡಿಸಿ, ಫಲಕವನ್ನು ಬೈಬಲ್ ಓದುವ ದನಿಯಲ್ಲಿ ಓದಿದರು. ಒಂದು ಹೆಸರನ್ನೂ ಬಿಡಲಿಲ್ಲ, ಎಲ್ಲೂ ತಡವರಿಸಲಿಲ್ಲ. ಕೊನೆಯ ಹೆಸರಿಗೆ ಬಂದಾಗ ಮಾತ್ರ ಫಲಕದಲ್ಲಿ ಇಲ್ಲದ್ದನ್ನು ಸೇರಿಸಿದರು: "ಸಿಸಿಲಿಯಾ. ನನ್ನ ತಮ್ಮನ ಹೆಂಡತಿ." ಪಾದ್ರಿಗಳು ಆಮೆನ್ ಎಂದರು.

ಮಧ್ಯಾಹ್ನದ ಊಟಕ್ಕೆ ಅಂಗಡಿಯಿಂದ ಮೀನು, ಕರಿದ 'ಚಿಪ್ಸ್' ಬಂತು. ಪಾದ್ರಿಗಳ ಬಿಪಿಯ ನೆನಪು ಯಾರಿಗೂ ಆಗಲಿಲ್ಲ.

ಮನೆಗೆ ಬಂದಾಗ ಅಮ್ಮ ಹಿತ್ತಲಲ್ಲಿ ಹಾಸಿಗೆಯ ಬಟ್ಟೆ ಒಣಹಾಕುತ್ತಿದ್ದಳು. ಎಲ್ಲವನ್ನೂ ಹೇಳಿದೆ.

"ಫಲಕದಲ್ಲಿ ಇಲ್ಲ ತಾನೆ ಅದು?"

"ಇಲ್ಲ. ಬಾಯಲ್ಲಿ ಸೇರಿಸಿದ್ರು."

"ಸೇರಿಸ್ತಾಳೆ," ಎಂದಳು ಅಮ್ಮ. "ಬಾಯಿ ಅವಳದು." ಒದ್ದೆ ಹೊದಿಕೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ತಾನು ಇನ್ನೊಂದು ತುದಿ ಹಿಡಿದು ಹಿಂದೆ ಸರಿದಳು. ಇಬ್ಬರೂ ಸೇರಿ ಜಾಡಿಸಿದೆವು.